ಸಾರ್ವಜನಿಕ ಗಾಲ್ಫ್ ಮೈದಾನದಲ್ಲಿ ಆಟ ನಿಧಾನವಾದಾಗ ಹಿಂದಿನ ಗುಂಪಿಗೆ ದಾರಿ ಬಿಡಲೇಬೇಕೇ?

ಪ್ರಶ್ನೆ

ನಮಸ್ಕಾರ. ಕ್ಯಾಲಿಫೋರ್ನಿಯಾದಲ್ಲಿ ನಾವಿರುವ ಊರಿನ ನಗರಾಡಳಿತದ ಗಾಲ್ಫ್ ಮೈದಾನದಲ್ಲಿ ವಾರಾಂತ್ಯದಲ್ಲಿ 18 ಹೋಲ್ (ಮೊದಲ ಹೊಡೆತದಿಂದ ಚೆಂಡು ಕುಳಿ ಸೇರುವವರೆಗಿನ ಒಂದೊಂದು ಹಂತ) ಮುಗಿಸಲು ಐದು ಗಂಟೆಗೂ ಹೆಚ್ಚು ಹಿಡಿಯುತ್ತಿದೆ. ಶುಲ್ಕ ಕಟ್ಟಿದ ಯಾರು ಬೇಕಾದರೂ ಆಡಬಹುದಾದ ಜಾಗವಾದ್ದರಿಂದ ಅಲ್ಲಿ ಬಹುಕಾಲ ಆಡಿ ಪಳಗಿದವರ ಜೊತೆಗೆ ಈಗಷ್ಟೇ ಕ್ಲಬ್ (ಗಾಲ್ಫ್ ಕೋಲು) ಹಿಡಿದವರೂ ಇರುತ್ತಾರೆ. ಇರಬೇಕು ಎಂಬುದೇ ನನ್ನ ಅಭಿಪ್ರಾಯ. ಕಳೆದ ವಾರ ನಾವು ನಾಲ್ವರು ಆಡುತ್ತಿದ್ದೆವು, ಅದರಲ್ಲಿ ಇಬ್ಬರು ಹೊಸಬರು. ಹಿಂದಿನ ಗುಂಪಿನವರು ಉದ್ದಕ್ಕೂ ಅಸಹನೆ ತೋರುತ್ತಿದ್ದರು, ಒಮ್ಮೆಯಂತೂ ನಾವು ಗ್ರೀನ್ (ಕುಳಿಯ ಸುತ್ತಲಿನ ನುಣುಪಾದ ಹುಲ್ಲು) ಮೇಲೆ ಇರುವಾಗಲೇ ಅವರು ಹೊಡೆದ ಚೆಂಡು ನಮ್ಮ ನಡುವೆ ಬಂದು ಬಿತ್ತು. ಆದರೆ ನಮ್ಮ ಮುಂದಿನ ಗುಂಪೂ ಕಾಯುತ್ತಲೇ ಇತ್ತು. ಇಂಥ ಸಂದರ್ಭದಲ್ಲಿ ಅವರನ್ನು ದಾಟಿ ಹೋಗಲು ಬಿಡುವುದು ನಮ್ಮ ಕರ್ತವ್ಯವೇ? ಹೊಸಬರಿಗೆ ಮುಜುಗರವಾಗದಂತೆ ಆಟದ ವೇಗ ಹೆಚ್ಚಿಸಲು ಏನು ಮಾಡಬಹುದು?

ಉತ್ತರ 1

ನೀವು ನೋಡಬೇಕಾದದ್ದು ಮುಂದಿನ ಗುಂಪನ್ನು, ಹಿಂದಿನದನ್ನಲ್ಲ. ನಿಮ್ಮ ಮುಂದೆ ಒಂದು ಇಡೀ ಹೋಲ್ ಖಾಲಿಯಿದ್ದು ಹಿಂದಿನವರು ಕಾಯುತ್ತಿದ್ದರೆ, ಅವರು ಕೇಳುವ ಮೊದಲೇ ಕರೆದು ದಾರಿ ಬಿಡಬೇಕು. ಮುಂದಿನ ಗುಂಪೇ ನಿಂತಿರುವಾಗ ದಾರಿ ಬಿಟ್ಟರೆ ಕಾಯುವವರ ಸ್ಥಾನ ಬದಲಾಗುತ್ತದೆಯೇ ಹೊರತು ಯಾರ ಆಟವೂ ಬೇಗ ಮುಗಿಯುವುದಿಲ್ಲ.

ಚೆಂಡು ನಿಮ್ಮ ನಡುವೆ ಬಿದ್ದ ವಿಚಾರವನ್ನು ಮಾತ್ರ ಹಗುರವಾಗಿ ಬಿಡಬೇಡಿ. ಬೇಗ ಆಡುವುದನ್ನೂ ಇತರರ ಸುರಕ್ಷತೆ ಕಾಯುವುದನ್ನೂ ಗಾಲ್ಫ್ ನಿಯಮ 1.2 ಒಟ್ಟಿಗೇ ಹೇಳುತ್ತದೆ. ಒಂದನ್ನು ಒತ್ತಾಯಿಸಲು ಇನ್ನೊಂದನ್ನು ಮುರಿಯುವ ಹಕ್ಕು ಯಾರಿಗೂ ಇಲ್ಲ. ಅಲ್ಲಿಯೇ ವಾದಕ್ಕೆ ನಿಲ್ಲದೆ, ಮೈದಾನದಲ್ಲಿ ಆಟದ ಮೇಲ್ವಿಚಾರಣೆ ಮಾಡುವ ಮಾರ್ಷಲ್‌ಗೆ ತಿಳಿಸಿ.

ವೇಗದ ಬಗ್ಗೆ ಹೇಳುವುದಾದರೆ, ತಡೆಯಿಲ್ಲದೆ ಆಡುವ ಅವಕಾಶ ಸಿಕ್ಕ ಮೇಲೆ 40 ಸೆಕೆಂಡಿನೊಳಗೆ ಹೊಡೆಯಬೇಕೆಂದು ನಿಯಮ 5.6 ಶಿಫಾರಸು ಮಾಡುತ್ತದೆ. ಸಮಯ ಸೋರುವುದು ಹೊಡೆತದಲ್ಲಲ್ಲ, ಅದರ ಹಿಂದಿನ ಅಣಿಯಾಗುವಿಕೆಯಲ್ಲಿ. ಒಬ್ಬರು ಹೊಡೆಯುವಾಗ ಉಳಿದ ಮೂವರೂ ಅವರ ಪಕ್ಕದಲ್ಲಿ ನಿಲ್ಲುವ ಬದಲು ತಮ್ಮ ತಮ್ಮ ಚೆಂಡಿನ ಬಳಿ ಹೋಗಿ, ದೂರ ಅಳೆದು, ಕ್ಲಬ್ ಆರಿಸಿಕೊಂಡಿರಬೇಕು. ಅಪಾಯವಿಲ್ಲದಿದ್ದರೆ ಸಿದ್ಧರಿರುವವರು ಸರದಿ ಬಿಟ್ಟು ಹೊಡೆಯುವ 'ರೆಡಿ ಗಾಲ್ಫ್' ಪದ್ಧತಿಗೆ, ಒಟ್ಟು ಹೊಡೆತಗಳನ್ನು ಎಣಿಸಿ ಆಡುವ ಸ್ಟ್ರೋಕ್ ಪ್ಲೇಯಲ್ಲಿ ನಿಯಮವೇ ಪ್ರೋತ್ಸಾಹ ಕೊಡುತ್ತದೆ. ಕಳೆದ ಚೆಂಡನ್ನು ಹುಡುಕುವ ಅವಧಿ 2019ರಿಂದ ಐದು ನಿಮಿಷವಲ್ಲ, ಮೂರೇ ನಿಮಿಷ. ಬ್ಯಾಗನ್ನು ಗ್ರೀನ್‌ನ ಮುಂದೆ ಇಡದೆ ಮುಂದಿನ ಹೋಲ್‌ನ ಟೀ (ಮೊದಲ ಹೊಡೆತ ಹೊಡೆಯುವ ಜಾಗ) ಕಡೆಯ ಅಂಚಿನಲ್ಲಿಟ್ಟು, ಅಂಕಗಳನ್ನು ಅಲ್ಲಿಗೆ ಹೋಗಿ ಬರೆದುಕೊಳ್ಳಿ.

ಉತ್ತರ 2

ಆಟಗಾರರನ್ನಷ್ಟೇ ದೂಷಿಸುವುದು ನ್ಯಾಯವಲ್ಲ. ಪಾರ್-3 (ಮೂರು ಹೊಡೆತಗಳಲ್ಲಿ ಮುಗಿಯಬೇಕೆಂದು ನಿಗದಿಯಾದ) ಹೋಲ್‌ನಲ್ಲಿ ಮುಂದಿನವರು ಗ್ರೀನ್ ಬಿಡುವ ತನಕ ಹಿಂದಿನವರು ಟೀಯಿಂದ ಹೊಡೆಯುವಂತಿಲ್ಲ. ಅಲ್ಲಿ ಒಂದು ಗುಂಪಿಗೆ 11 ನಿಮಿಷ ಬೇಕಾಗಿ, ಮೊದಲ ಟೀಯಿಂದ ಎಂಟು ನಿಮಿಷಕ್ಕೊಂದು ಗುಂಪನ್ನು ಕಳುಹಿಸುತ್ತಿದ್ದರೆ, ಪ್ರತಿಯೊಂದು ಗುಂಪೂ ತನ್ನ ಹಿಂದಿನದಕ್ಕೆ ಮೂರು ನಿಮಿಷದ ತಡವನ್ನು ಸೇರಿಸುತ್ತಾ ಹೋಗುತ್ತದೆ. ಹತ್ತನೆಯ ಗುಂಪು ಅಲ್ಲಿ 27 ನಿಮಿಷ ನಿಲ್ಲಬೇಕು. ಆ ಗುಂಪಿನಲ್ಲಿ ನಾಲ್ವರೂ ವೃತ್ತಿಪರರೇ ಇದ್ದರೂ ಈ ಲೆಕ್ಕ ಬದಲಾಗದು.

ಗ್ರೀನ್ ತಲುಪಿದವರು ಚೆಂಡುಗಳನ್ನು ಗುರುತು ಹಾಕಿ ಎತ್ತಿಕೊಂಡು, ಬದಿಗೆ ಸರಿದು, ಹಿಂದಿನವರಿಗೆ ಟೀ ಹೊಡೆತ ಹೊಡೆಯಲು ಕೈಬೀಸಿ ಕರೆದರೆ ಒಂದಿಷ್ಟು ಸಮಯ ಉಳಿಯುತ್ತದೆ. ನಿಜವಾದ ಪರಿಹಾರವೆಂದರೆ ಟೀ ಅವಧಿಯನ್ನು, ಅಂದರೆ ಒಂದು ಗುಂಪಿಗೂ ಮುಂದಿನದಕ್ಕೂ ನಡುವಿನ ಅಂತರವನ್ನು, ಹತ್ತು ನಿಮಿಷಕ್ಕೆ ಏರಿಸುವುದು. ಐದು ಗಂಟೆಯ ಬೆಳಗಿನಲ್ಲಿ 37 ಗುಂಪುಗಳ ಬದಲು 30 ಗುಂಪುಗಳಷ್ಟೇ ಹೊರಡುವುದರಿಂದ ಆದಾಯ ಇಳಿಯುತ್ತದೆ, ಆಡಳಿತ ಹಿಂಜರಿಯುತ್ತದೆ. ಆದರೂ ಉದ್ಯಾನ ಇಲಾಖೆಗೆ ಪತ್ರ ಬರೆಯಿರಿ. ಅದು ನಾಗರಿಕರ ಮೈದಾನ.

ಉತ್ತರ 3

ಬೆಂಗಳೂರಿನಲ್ಲಿ ಆಟ ಕಲಿತು ಅಮೆರಿಕಕ್ಕೆ ಬಂದವರಿಗಾಗಿ ಒಂದು ಮಾತು ಸೇರಿಸುತ್ತೇನೆ. ನಮ್ಮಲ್ಲಿ ಚೆಂಡು ಹುಡುಕುವುದು, ಬಂಕರ್‌ನ ಮರಳನ್ನು ಸಮ ಮಾಡುವುದು, ಕಿತ್ತ ಹುಲ್ಲನ್ನು ಮತ್ತೆ ಕೂರಿಸುವುದು ಎಲ್ಲವನ್ನೂ ಬ್ಯಾಗ್ ಹೊರುವ ಸಹಾಯಕರಾದ ಕ್ಯಾಡಿಯೇ ನೋಡಿಕೊಳ್ಳುತ್ತಾರೆ. ಇಲ್ಲಿನ ಸಾರ್ವಜನಿಕ ಮೈದಾನಗಳಲ್ಲಿ ಸಾಮಾನ್ಯವಾಗಿ ಕ್ಯಾಡಿಗಳಿರುವುದಿಲ್ಲ. ಆ ಕೆಲಸವೆಲ್ಲ ನಮ್ಮದೇ, ಅವಸರದ ನೆಪದಲ್ಲಿ ಅದನ್ನು ಬಿಡಬಾರದು. ಗ್ರೀನ್ ಮೇಲೆ ಚೆಂಡು ಬಿದ್ದು ಆದ ಗುಳಿಯನ್ನು ಸರಿಪಡಿಸಲು ಕೆಲವೇ ಸೆಕೆಂಡು ಸಾಕು.

ಹೊಸಬರು ಪಾರ್‌ನ ಎರಡರಷ್ಟು ಹೊಡೆತ ಮುಗಿದೊಡನೆ ಚೆಂಡೆತ್ತಿಕೊಳ್ಳುವುದೆಂದು ಮೊದಲೇ ಒಪ್ಪಿಕೊಳ್ಳಲಿ. ಗ್ರೀನ್‌ಗೆ ಹತ್ತಿರವಿರುವ ಮುಂಭಾಗದ ಟೀಗಳಿಂದ ಆಡಲಿ.

ಪ್ರಶ್ನೆ ಕೇಳಿದವರು

ಮೂವರಿಗೂ ಕೃತಜ್ಞತೆಗಳು. ಟೀ ಅವಧಿಯ ಬಗ್ಗೆ ಇಲಾಖೆಗೆ ಖಂಡಿತ ಬರೆಯುತ್ತೇನೆ. ಒಂದೇ ತೊಡಕು ಉಳಿದಿದೆ: ಮುಂಭಾಗದ ಟೀ ಹೆಂಗಸರದು ಎಂದು ನಮ್ಮ ಹೊಸ ಗೆಳೆಯರೊಬ್ಬರು ಒಪ್ಪುತ್ತಿಲ್ಲ.

ಉತ್ತರ 3 ಬರೆದವರು

ಇಂಥ ಟೀ ಇಂಥವರಿಗೇ ಎಂದು ಗಾಲ್ಫ್ ನಿಯಮಗಳಲ್ಲಿ ಎಲ್ಲಿಯೂ ಇಲ್ಲ. ಆರಿಸಬೇಕಾದದ್ದು ಹೊಡೆತದ ದೂರ ನೋಡಿ. ಅಮೆರಿಕದ ಗಾಲ್ಫ್ ಸಂಸ್ಥೆಗಳು 2011ರಲ್ಲಿ ಆರಂಭಿಸಿದ 'ಟೀ ಇಟ್ ಫಾರ್ವರ್ಡ್' ಅಭಿಯಾನದ ಪ್ರಕಾರ, ಅತಿ ದೂರಕ್ಕೆ ಹೊಡೆಯುವ ಕ್ಲಬ್ ಆದ ಡ್ರೈವರ್‌ನಿಂದ 200 ಗಜ ಹೊಡೆಯುವವರಿಗೆ ಒಟ್ಟು 5,200ರಿಂದ 5,400 ಗಜ, 175 ಗಜ ಹೊಡೆಯುವವರಿಗೆ 4,400ರಿಂದ 4,600 ಗಜ ಉದ್ದದ ಮೈದಾನ ತಕ್ಕದ್ದು. ಅವರಿಗೆ ಈ ಅಂಕಿಗಳನ್ನೇ ತೋರಿಸಿ. ನೀವೂ ಒಂದು ದಿನ ಅವರ ಜೊತೆಗೆ ಅದೇ ಟೀಯಿಂದ ಆಡಿದರೆ ಮಾತು ಇನ್ನೂ ಸುಲಭವಾದೀತು.