ತಂತಿ ಕಾಣಬಾರದು, ಹಲ್ಲು ಸಾಲಾಗಬೇಕು: ಏನೇನು ದಾರಿ ಅದಾವ?

ಪ್ರಶ್ನೆ (ಬಾಗಲಕೋಟೆ): ಡಾಕ್ಟರ್ರೀ, ವಯಸ್ಸು 27. ಬ್ಯಾಂಕಿನ ಕೌಂಟರಿನ್ಯಾಗ ಕೆಲಸ. ಕೆಳಗಿನ ಮುಂದಿನ ನಾಲ್ಕು ಹಲ್ಲು ಒಂದರ ಮ್ಯಾಲೊಂದು ಏರ್ಯಾವ, ಮ್ಯಾಲಿನ ಎಡಗಡೆ ಕೋರೆಹಲ್ಲು ತಿರುಗೇದ. ಸ್ಟೀಲ್ ಕ್ಲಿಪ್ ಬ್ಯಾಡ ಅಂದಿದ್ದಕ್ಕ ಒಬ್ಬರು ಸೆರಾಮಿಕ್ ಅಂದ್ರು, ಇನ್ನೊಬ್ಬರು ಅಲೈನರ್ ಅಂದ್ರು, ಮೂರನೇದವರು ಹಲ್ಲಿನ ಹಿಂದ ಹಾಕೂಣು ಅಂದ್ರು. ಇದರಾಗ ಯಾವುದು ಹಿಡೀಲಿ?

ಉತ್ತರ (ಆರ್ಥೊಡಾಂಟಿಸ್ಟ್, ಅಂದರೆ ಹಲ್ಲು ಸಾಲು ಮಾಡುವ ತಜ್ಞರು): ಮೂವರೂ ಹೇಳಿದ್ದು ತಪ್ಪಲ್ಲ. ಆದರೆ ಕಾಣುತ್ತದೋ ಇಲ್ಲವೋ ಅನ್ನುವುದು ಎರಡನೇ ಮಾತು. ಯಾವ ಹಲ್ಲು ಯಾವ ದಿಕ್ಕಿಗೆ ಎಷ್ಟು ಸರಿಯಬೇಕು ಅನ್ನುವುದು ಮೊದಲು ತಿಳಿಯಬೇಕು. ಅದಕ್ಕೆ ಎಲ್ಲಾ ಹಲ್ಲೂ ಒಮ್ಮೆಗೇ ಕಾಣುವ ಓಪಿಜಿ ಎಕ್ಸ್‌ರೇ, ತಲೆಯ ಪಕ್ಕದ ಎಕ್ಸ್‌ರೇ, ಹಲ್ಲಿನ ಅಚ್ಚು ಅಥವಾ ಸ್ಕ್ಯಾನ್ ಬೇಕು. ಇವಿಲ್ಲದೆ ಯಾರಾದರೂ ಬರೀ ಬಾಯಿ ನೋಡಿ ದರ ಹೇಳಿದರೆ ಅಲ್ಲಿಗೇ ನಿಲ್ಲಿಸಿರಿ.

ಅಲೈನರ್ ಅಂದರೆ ಹಲ್ಲಿನ ಮೇಲೆ ಬಿಗಿಯಾಗಿ ಕೂಡುವ ಪಾರದರ್ಶಕ ಪ್ಲಾಸ್ಟಿಕ್ ಟ್ರೇ. ಒಂದು ಟ್ರೇ ಒಂದು ಹಲ್ಲನ್ನು ಹೆಚ್ಚೆಂದರೆ ಸುಮಾರು 0.25 ಮಿ.ಮೀ. ಸರಿಸುತ್ತದೆ. 7ರಿಂದ 14 ದಿನಕ್ಕೆ ಮುಂದಿನ ಟ್ರೇ. ಪ್ಲಾಸ್ಟಿಕ್ಕು ಹಲ್ಲನ್ನು ಹಿಡಿಯಲು ಹಲ್ಲಿನದೇ ಬಣ್ಣದ ಸಣ್ಣ ಸಣ್ಣ ಉಬ್ಬುಗಳನ್ನು ಅಂಟಿಸುತ್ತಾರೆ. ಇವನ್ನು ಅಟ್ಯಾಚ್‌ಮೆಂಟ್ ಅನ್ನುತ್ತಾರೆ. ‘ಏನೂ ಅಂಟಿಸೋದಿಲ್ಲ’ ಅಂತ ಹೇಳುವ ಜಾಹೀರಾತು ಪೂರ್ತಿ ಖರೇ ಅಲ್ಲ. ಜಾಗ ಸಾಲದಿದ್ದರೆ ಹಲ್ಲುಗಳ ನಡುವೆ ತೆಳುವಾಗಿ ಉಜ್ಜುತ್ತಾರೆ, ಒಂದು ಸಂದಿಗೆ 0.5 ಮಿ.ಮೀ. ಮೀರಬಾರದು. ನಿಮ್ಮ ಕೆಳಗಿನ ಇಕ್ಕಟ್ಟು 3–4 ಮಿ.ಮೀ. ಒಳಗಿದ್ದರೆ ಇಷ್ಟರಲ್ಲೇ ಮುಗಿಯಬಹುದು. ತೊಡಕು ಇರುವುದು ಕೋರೆಹಲ್ಲಿನಲ್ಲಿ. ಅದು ದುಂಡಗಿರುವ ಹಲ್ಲು, ಟ್ರೇ ಅದರ ಮೇಲೆ ಜಾರುತ್ತದೆ, ತಿರುಗಿಸುವ ಬಲ ಸರಿಯಾಗಿ ಮುಟ್ಟುವುದಿಲ್ಲ. ಎಷ್ಟು ಡಿಗ್ರಿ ತಿರುಗಿದೆ ಅಂತ ಕೇಳಿರಿ. ಬಹಳ ತಿರುಗಿದ್ದರೆ ಆ ಒಂದು ಹಲ್ಲಿಗೆ ಕೆಲವು ತಿಂಗಳು ಬ್ರಾಕೆಟ್ (ತಂತಿ ಹಿಡಿಯಲು ಹಲ್ಲಿಗೆ ಅಂಟಿಸುವ ಸಣ್ಣ ತುಣುಕು) ಹಾಕಿ, ಆಮೇಲೆ ಟ್ರೇ ಶುರು ಮಾಡುವುದೇ ಛಲೋ.

ಸೆರಾಮಿಕ್ ಕೆಲಸ ಮಾಡುವ ರೀತಿ ಸ್ಟೀಲಿನದೇ. ಬ್ರಾಕೆಟ್ ಮಾತ್ರ ಅಲ್ಯೂಮಿನಾ ಎಂಬ ಪಿಂಗಾಣಿಯದ್ದು, ಹಲ್ಲಿನ ಬಣ್ಣದಲ್ಲಿ ಮರೆಯಾಗುತ್ತದೆ. ಹಳದಿಯಾಗುವುದು ಬ್ರಾಕೆಟ್ ಅಲ್ಲ, ತಂತಿ ಹಿಡಿಯುವ ರಬ್ಬರ್ ಉಂಗುರ. ನಮ್ಮ ಅರಿಷಿಣದ ಸಾರಿಗೆ ಅದು ಒಂದೇ ಊಟದಲ್ಲಿ ಬಣ್ಣ ಹಿಡಿಯುತ್ತದೆ. 4–6 ವಾರಕ್ಕೊಮ್ಮೆ ಬದಲಿಸುವಾಗ ಹೋಗುತ್ತದೆ. ರಬ್ಬರ್ ಬದಲು ಸಣ್ಣ ಸ್ಟೀಲ್ ತಂತಿಯಿಂದ ಕಟ್ಟಿಸಿಕೊಳ್ಳಬಹುದು, ಇಲ್ಲವೇ ತಂತಿಯನ್ನು ತಾನೇ ಹಿಡಿಯುವ ಸಣ್ಣ ಬಾಗಿಲಿರುವ ಸೆಲ್ಫ್-ಲೈಗೇಟಿಂಗ್ ಬ್ರಾಕೆಟ್ ತಗೋಬಹುದು. ಈ ಸೆಲ್ಫ್-ಲೈಗೇಟಿಂಗ್‌ನಿಂದ ಚಿಕಿತ್ಸೆ ಅರ್ಧ ಸಮಯದಲ್ಲಿ ಮುಗಿಯುತ್ತದೆ ಎಂಬ ಮಾತನ್ನು ನಂಬಬೇಡಿರಿ. ಹೋಲಿಸಿ ನೋಡಿದ ಅಧ್ಯಯನಗಳಲ್ಲಿ ಅಂಥ ಲಾಭ ಕಂಡಿಲ್ಲ. ಇನ್ನೊಂದು ಮುಖ್ಯ ಮಾತು: ಅಲ್ಯೂಮಿನಾ ಹಲ್ಲಿನ ಹೊರಪದರವಾದ ಎನಾಮಲ್‌ಗಿಂತ ಗಟ್ಟಿ. ಮೇಲಿನ ಹಲ್ಲು ಕೆಳಗಿನವನ್ನು ಬಹಳ ಮುಚ್ಚುತ್ತಿದ್ದರೆ, ಕೆಳಗೆ ಹಾಕಿದ ಸೆರಾಮಿಕ್ ಬ್ರಾಕೆಟ್ ಮೇಲಿನ ಹಲ್ಲನ್ನು ಸವೆಸುತ್ತದೆ. ಅಂಥವರಿಗೆ ಮೇಲೆ ಸೆರಾಮಿಕ್, ಕೆಳಗೆ ಸ್ಟೀಲ್. ಕೆಳಗಿನದನ್ನು ತುಟಿ ಹೇಗೂ ಮುಚ್ಚುತ್ತದೆ, ಖರ್ಚೂ ಇಳಿಯುತ್ತದೆ.

ಹಲ್ಲಿನ ಹಿಂದೆ ಹಾಕುವುದು ಲಿಂಗ್ವಲ್. ಹೊರಗಿನಿಂದ ಕಾಣುವುದೇ ಇಲ್ಲ. ಆದರೆ ಮೊದಲ ಕೆಲವು ವಾರ ನಾಲಿಗೆ ಹುಣ್ಣಾಗುತ್ತದೆ, ಸ, ಶ ಅಕ್ಷರ ತೊದಲುತ್ತವೆ, ಉಜ್ಜುವುದು ಕಷ್ಟ, ಖರ್ಚು ಬಹಳ. ದಿನವಿಡೀ ಗಿರಾಕಿಗಳ ಜೊತೆ ಮಾತಾಡುವ ನಿಮಗೆ ನಾನಾದರೆ ಇದನ್ನು ಮೊದಲು ಹೇಳುವುದಿಲ್ಲ.

ಪ್ರಶ್ನೆ (ಅದೇ ಬಾಗಲಕೋಟೆಯವರು): ಹಂಗಾರ ಅಲೈನರ್ ಅನಸ್ತದ್ರಿ. ಆದ್ರ ದಿನಕ್ಕ ಆರು ಸರ್ತಿ ಚಹಾ ಆಗ್ತದ. ನಡೀತದೇನ್ರಿ?

ಉತ್ತರ: ಲೆಕ್ಕ ಹಾಕೋಣ. ಟ್ರೇ ದಿನಕ್ಕೆ 20ರಿಂದ 22 ತಾಸು ಬಾಯಲ್ಲಿರಬೇಕು. ಚಹಾಕ್ಕೆ ತೆಗೆದು, ಮಾತಾಡಿ, ಬಾಯಿ ಮುಕ್ಕಳಿಸಿ ಮತ್ತೆ ಹಾಕುವಷ್ಟರಲ್ಲಿ ಅರ್ಧ ತಾಸು. ಆರು ಸಲಕ್ಕೆ 3 ತಾಸು. ಮೂರು ಊಟ-ನಾಷ್ಟಾಕ್ಕೆ ಉಜ್ಜುವುದೂ ಸೇರಿ ಮುಕ್ಕಾಲು ತಾಸಿನಂತೆ 2 ತಾಸು 15 ನಿಮಿಷ. ಉಳಿದದ್ದು 18 ತಾಸು 45 ನಿಮಿಷ. ಸಾಲದು. ಹೀಗೆ ಎರಡು ವಾರ ನಡೆದರೆ ಟ್ರೇ ಹಲ್ಲಿನ ಅಂಚಿಗೆ ಕೂಡುವುದಿಲ್ಲ, ನಡುವೆ ಬೆಳಕು ಕಾಣುತ್ತದೆ. ಆಗ ಮುಂದಿನ ಟ್ರೇ ಒತ್ತಿ ಹಾಕಬಾರದು. ಅದೇ ಟ್ರೇಯನ್ನು ಇನ್ನೊಂದು ವಾರ ಹಾಕಿ, ದಿನಕ್ಕೆರಡು ಸಲ 5–10 ನಿಮಿಷ ಚ್ಯೂಯಿ ಎಂಬ ಮೆತ್ತನೆಯ ರಬ್ಬರ್ ತುಂಡನ್ನು ಕಚ್ಚಿರಿ. ಆದರೂ ಕೂಡದಿದ್ದರೆ ಫೋಟೊ ತೆಗೆದು ಡಾಕ್ಟರಿಗೆ ಕಳಿಸಿರಿ.

ಟ್ರೇ ಹಾಕಿಕೊಂಡೇ ಚಹಾ ಕುಡಿಯುವುದು ಇನ್ನೂ ಕೆಟ್ಟದ್ದು. ಬಿಸಿಗೆ ಪ್ಲಾಸ್ಟಿಕ್ ಸೊಟ್ಟಾಗುತ್ತದೆ, ಸಕ್ಕರೆ ನೀರು ಒಳಗೇ ನಿಂತು ಜೊಲ್ಲು ಮುಟ್ಟದ ಜಾಗದಲ್ಲಿ ಹಲ್ಲು ಹುಳುಕುತ್ತದೆ. ಚಹಾ ಎರಡಕ್ಕಿಳಿಸಿ, ಅದನ್ನೂ ನಾಷ್ಟಾ ಮತ್ತು ಊಟದ ಜೊತೆಗೇ ಮುಗಿಸುವುದಾದರೆ ಅಲೈನರ್ ತಗೋಳ್ರಿ. ಆಗದಿದ್ದರೆ ಸೆರಾಮಿಕ್. ಅದು ನಿಮ್ಮ ನೆನಪಿನ ಮೇಲೆ ನಡೆಯುವುದಲ್ಲ. ಆದರೆ ಸೆರಾಮಿಕ್ ಇದ್ದಾಗ ಕಡಕ್ ರೊಟ್ಟಿ, ಕರದಂಟು, ಕಬ್ಬು ಬಿಡಬೇಕು. ರೊಟ್ಟಿಯನ್ನು ಸಾರಿನಲ್ಲಿ ನೆನೆಸಿ ತಿನ್ನಬಹುದು, ಕರದಂಟಿಗೆ ಮಾತ್ರ ಯಾವ ಉಪಾಯವೂ ಇಲ್ಲ.

ಪ್ರಶ್ನೆ (ಹುನಗುಂದ ತಾಲೂಕು): ಬೋರಿನ ನೀರಿಗೆ ನನ್ನ ಹಲ್ಲಿನ ಮ್ಯಾಲ ಕಂದು ಪಟ್ಟಿ ಅದಾವ್ರಿ. ಕ್ಲಿಪ್ ಅಂಟೂದಿಲ್ಲ, ಅಲೈನರೇ ಗತಿ ಅಂದ್ರು. ಖರೇ ಏನ್ರಿ?

ಉತ್ತರ: ಅರ್ಧ ಖರೇ. ಈ ಪ್ರಶ್ನೆ ನಮ್ಮ ಭಾಗಕ್ಕೆ ಬಹಳ ಮುಖ್ಯ. ಬಾಗಲಕೋಟೆ, ವಿಜಯಪುರ ಜಿಲ್ಲೆಗಳ ಎಷ್ಟೋ ಊರಿನ ಬೋರ್ ನೀರಿನಲ್ಲಿ ಫ್ಲೋರೈಡ್ ಹೆಚ್ಚಿದೆ, ಲೀಟರಿಗೆ 1.5 ಮಿ.ಗ್ರಾಂ ಎಂಬ ಮಿತಿಯನ್ನೂ ದಾಟಿದ ಕಡೆಗಳಿವೆ. ಬ್ರಾಕೆಟ್ ಅಂಟಿಸುವ ಮುಂಚೆ 37% ಫಾಸ್ಪರಿಕ್ ಆಸಿಡ್‌ನಿಂದ 15–30 ಸೆಕೆಂಡು ಹಲ್ಲಿನ ಮೇಲ್ಮೈಯನ್ನು ತರಿ (ಒರಟು) ಮಾಡುತ್ತೇವೆ. ಫ್ಲೋರೈಡ್ ಹೊಕ್ಕ ಹೊರಪದರ ಆಸಿಡ್‌ಗೆ ಬೇಗ ಬಗ್ಗುವುದಿಲ್ಲ. ತರಿಯಾಗದಿದ್ದರೆ ಅಂಟು ಹಿಡಿಯುವುದಿಲ್ಲ, ಬ್ರಾಕೆಟ್ ವಾರಕ್ಕೊಂದು ಉದುರುತ್ತದೆ.

ಬರೀ ಬಿಳಿ ಮಚ್ಚೆ ಇದ್ದರೆ ಆಸಿಡ್ ಸಮಯ ಹೆಚ್ಚಿಸಿದರೆ ಸಾಕಾಗಬಹುದು. ಕಂದು ಪಟ್ಟಿ ಇದ್ದರೆ ಮೊದಲು ಹೊರಪದರವನ್ನು ತೆಳುವಾಗಿ ಉಜ್ಜಿ ಅಥವಾ ಅಲ್ಯೂಮಿನಾ ಪುಡಿಯನ್ನು ಗಾಳಿಯಿಂದ ಜೋರಾಗಿ ಊದುವ ಏರ್ ಅಬ್ರೇಷನ್ ಮಾಡಿ, ಆಮೇಲೆ ಆಸಿಡ್, ಮೇಲೆ ಅಂಟು ಹಿಡಿಯಲು ಹಚ್ಚುವ ಪ್ರೈಮರ್. ದವಡೆ ಹಲ್ಲಿಗೆ ಅಂಟಿಸುವ ಬದಲು ಸುತ್ತ ಸ್ಟೀಲ್ ಬ್ಯಾಂಡ್ ಹಾಕುವುದು ಗಟ್ಟಿ. ಹಲ್ಲಿನಲ್ಲಿ ಗುಳಿ ಬಿದ್ದು ಉದುರುವಂತಿದ್ದರೆ ಸೆರಾಮಿಕ್ ಬೇಡ, ತೆಗೆಯುವಾಗ ಎನಾಮಲ್ ಚೂರು ಕಿತ್ತು ಬರಬಹುದು.

ಅಲೈನರಿಗೂ ಅಟ್ಯಾಚ್‌ಮೆಂಟ್ ಬೇಕು, ಅದೂ ಇದೇ ಅಂಟಿನ ಮೇಲೆ ನಿಲ್ಲುತ್ತದೆ. ಹಾಗಾಗಿ ಅಲೈನರ್ ತಗೊಂಡ ಮಾತ್ರಕ್ಕೆ ತೊಂದರೆ ತಪ್ಪಲಿಲ್ಲ, ಸಂಖ್ಯೆ ಕಡಿಮೆಯಾಯಿತು ಅಷ್ಟೆ. ಬಣ್ಣ ತೆಗೆಸುವ ಬ್ಲೀಚಿಂಗ್ ಕೊನೆಗಿರಲಿ. ಮೊದಲೇ ಮಾಡಿಸಿದ್ದರೆ ಅಂಟಿಸುವ ಮುಂಚೆ ಕನಿಷ್ಠ ಎರಡು ವಾರ ಬಿಡಬೇಕು. ಮನೆಯಲ್ಲಿ 8 ವರ್ಷದೊಳಗಿನ ಮಕ್ಕಳಿದ್ದರೆ ದಯವಿಟ್ಟು ಆ ಬೋರಿನ ನೀರು ಪರೀಕ್ಷೆ ಮಾಡಿಸಿರಿ. ಅವರ ಕಾಯಂ ಹಲ್ಲು ಒಳಗೆ ಬೆಳೆಯುವುದು ಈ ವಯಸ್ಸಿನಲ್ಲೇ.

ಪ್ರಶ್ನೆ (ವಿಜಯಪುರ): ತಂಗೀ ಮದುವಿ ಐದು ತಿಂಗಳಿಗೆ ಅದ. ಮುಂದಿನ ಆರು ಹಲ್ಲು ಕೊರದು ಕ್ಯಾಪ್ ಹಾಕಿದ್ರ ವಾರದಾಗ ಸಾಲ ಆಗ್ತಾವ ಅಂದಾರ.

ಉತ್ತರ: ಬೇಡ್ರಿ. ಕ್ಯಾಪಿಗೆ ಸುತ್ತಲೂ 1ರಿಂದ 2 ಮಿ.ಮೀ. ಗಟ್ಟಿ ಹಲ್ಲು ಹೋಗುತ್ತದೆ, ಹೋದ ಎನಾಮಲ್ ಮತ್ತೆ ಬೆಳೆಯುವುದಿಲ್ಲ. ಸೊಟ್ಟ ಹಲ್ಲನ್ನು ಸಾಲಿಗೆ ತರಲು ಇನ್ನೂ ಕೊರೆದು, ನರ ತೆಗೆಯುವ ತನಕ ಹೋಗುತ್ತದೆ. ಕ್ಯಾಪೂ ಕಾಯಂ ಅಲ್ಲ, ಮುಂದೆ ಬದಲಿಸಬೇಕಾಗುತ್ತದೆ. ಸಣ್ಣ ಸಂದಿ, ಸಣ್ಣ ಇಕ್ಕಟ್ಟು ಇದ್ದರೆ ಐದು ತಿಂಗಳಲ್ಲಿ ಅಲೈನರ್ ಮುಗಿಯಬಹುದು. ಹೆಚ್ಚಿದ್ದರೆ ಈಗ ಶುರು ಮಾಡಿ, ಅಕ್ಷತಾ ದಿನ ಟ್ರೇ ತೆಗೆದಿಟ್ಟು, ರಾತ್ರಿ ಮತ್ತೆ ಹಾಕಲಿ. ಸೆರಾಮಿಕ್ ಆದರೆ ಮದುವೆಯ ಹಿಂದಿನ ದಿನ ರಬ್ಬರ್ ಬದಲಿಸಿಕೊಳ್ಳಲಿ.

ಪ್ರಶ್ನೆ (ಗೋಕಾಕ): ಮಗಗ 11 ವರ್ಷ. ಮ್ಯಾಲಿನ ಹಲ್ಲು ಮುಂದ, ಗದ್ದ ಹಿಂದ. ದೊಡ್ಡವ ಆದ ಮ್ಯಾಲ ಅಲೈನರ್ ಹಾಕ್ಸೂಣಾ?

ಉತ್ತರ: ಕಾಯಬೇಡಿರಿ. ಇದು ಹಲ್ಲಿಗಿಂತ ದವಡೆಯ ಮಾತು. ಟ್ವಿನ್ ಬ್ಲಾಕ್ ಎಂಬ ಮೇಲೊಂದು ಕೆಳಗೊಂದು ತೆಗೆದು ಹಾಕುವ ಪ್ಲೇಟ್ ಇದೆ. ಸ್ಕಾಟ್ಲೆಂಡಿನ ವಿಲಿಯಂ ಕ್ಲಾರ್ಕ್ 1977ರಲ್ಲಿ ಶುರು ಮಾಡಿದ್ದು. ಅದು ಕೆಳದವಡೆಯನ್ನು ಮುಂದಿಟ್ಟು ಹಿಡಿಯುತ್ತದೆ. ಬೆಳವಣಿಗೆಯ ಜೋರಿರುವಾಗ 9–12 ತಿಂಗಳು ಹಗಲು ರಾತ್ರಿ ಹಾಕಿದರೆ ಕೆಲಸ ಮಾಡುತ್ತದೆ. ಎತ್ತರ ಬೆಳೆಯುವುದು ನಿಂತ ಮೇಲೆ ಹಲ್ಲು ಕಿತ್ತು ಒಳಗೆಳೆಯುವುದು ಅಥವಾ ಆಪರೇಷನ್ ಉಳಿಯುತ್ತದೆ. ಬೆಳಗಾವಿಯ ಕೆ.ಎಲ್.ಇ. ದಂತ ಕಾಲೇಜಿನಂಥ ಕಡೆ ಒಮ್ಮೆ ತೋರಿಸಿರಿ.

ಪ್ರಶ್ನೆ (ಬೆಳಗಾವಿ): ಆನ್‌ಲೈನಿನ್ಯಾಗ ಅಚ್ಚಿನ ಕಿಟ್ ಮನಿಗೆ ಕಳಿಸ್ತಾರ, ಡಾಕ್ಟರ್ ಕಡೆ ಹೋಗೂದs ಬ್ಯಾಡ. ಅಗ್ಗನೂ ಅದ.

ಉತ್ತರ (ಒಸಡಿನ ತಜ್ಞರು): ಇದಕ್ಕೆ ನಾನು ಹೇಳುತ್ತೇನೆ. ಹಲ್ಲು ಸರಿಯುವುದು ಎಲುಬಿನೊಳಗೆ. ಒತ್ತಿದ ಕಡೆ ಎಲುಬು ಕರಗಿ, ಎಳೆದ ಕಡೆ ಹೊಸದು ತುಂಬುತ್ತದೆ. ಒಸಡಿನಲ್ಲಿ ಸೋಂಕಿದ್ದರೆ ಕರಗುವುದೇ ಹೆಚ್ಚಾಗಿ ಹಲ್ಲು ಅಲುಗಾಡುತ್ತದೆ. ಉಜ್ಜುವಾಗ ರಕ್ತ ಬರುವುದು, ಒಸಡಿನ ಸಂದಿ 4 ಮಿ.ಮೀ. ಅಥವಾ ಅದಕ್ಕಿಂತ ಆಳ ಇರುವುದು ಕಿಟ್‌ನ ಅಚ್ಚಿನಲ್ಲಿ ಕಾಣುವುದಿಲ್ಲ. ಗುಟ್ಕಾ ತಿನ್ನುವವರು ಬಾಯಿ ಮೂರು ಬೆರಳು ಹಿಡಿಯುವಷ್ಟು ತೆರೆಯುತ್ತದೋ ನೋಡಿಕೊಳ್ಳಿರಿ. ತೆರೆಯದಿದ್ದರೆ ಬಾಯಿ ಬಿಗಿದ ಆ ತೊಂದರೆಯ ಚಿಕಿತ್ಸೆ ಮೊದಲು. ಮನೆಗೇ ಕಳಿಸುವ ದೊಡ್ಡ ಅಮೆರಿಕನ್ ಕಂಪನಿ ಸ್ಮೈಲ್‌ಡೈರೆಕ್ಟ್‌ಕ್ಲಬ್ 2023ರ ಡಿಸೆಂಬರಿನಲ್ಲಿ ಬಾಗಿಲು ಹಾಕಿತು. ಅರ್ಧ ಹಾದಿಯಲ್ಲಿದ್ದವರಿಗೆ ಮುಂದಿನದನ್ನು ನೋಡುವ ಡಾಕ್ಟರು ಎದುರಿಗೆ ಇರಲಿಲ್ಲ.

ಪ್ರಶ್ನೆ (ಬಾಗಲಕೋಟೆಯವರೇ): ಕೊನೀದು ಒಂದು. ಮುಗದ ಮ್ಯಾಲ ಎಷ್ಟ ದಿನ ಏನ್ ಹಾಕ್ಬೇಕ್ರಿ?

ಉತ್ತರ (ಆರ್ಥೊಡಾಂಟಿಸ್ಟ್): ಸಾಮಾನ್ಯವಾಗಿ ಮೊದಲ ಆರು ತಿಂಗಳು ಹಗಲು ರಾತ್ರಿ ರಿಟೇನರ್ (ಸರಿದ ಹಲ್ಲು ವಾಪಸ್ ಹೋಗದಂತೆ ಹಿಡಿಯುವ ಸಾಧನ), ಆಮೇಲೆ ರಾತ್ರಿ ಮಾತ್ರ, ಆದರೆ ಬಿಡದೆ. ನಿಮ್ಮ ಕೆಳಗಿನ ಇಕ್ಕಟ್ಟು ಮತ್ತೆ ಬರುವ ಜಾತಿಯದು. ಆದ್ದರಿಂದ ಕೋರೆಯಿಂದ ಕೋರೆಗೆ ಹಲ್ಲಿನ ಹಿಂದೆ ಸಣ್ಣ ತಂತಿ ಅಂಟಿಸಿಕೊಳ್ಳಿರಿ, ಸಂದಿ ಬ್ರಷ್‌ನಿಂದ ದಿನಾ ಸ್ವಚ್ಛ ಮಾಡಿರಿ. ರೊಕ್ಕ ಕಟ್ಟುವ ಮುಂಚೆ ಮೂರು ಮಾತು ಬರೆಸಿಕೊಳ್ಳಿರಿ: ಹಲ್ಲು ಯೋಜನೆಯಂತೆ ಸರಿಯದಿದ್ದರೆ ಹೊಸ ಟ್ರೇಗಳಿಗೆ ಬೇರೆ ರೊಕ್ಕವೇ, ಟ್ರೇ ಕಳೆದರೆ ಒಂದಕ್ಕೆ ಎಷ್ಟು, ಕೊನೆಯ ರಿಟೇನರ್ ಇದರಲ್ಲೇ ಬಂತೇ. ಊಟಕ್ಕೆ ತೆಗೆದ ಟ್ರೇಯನ್ನು ಕಾಗದದಲ್ಲಿ ಸುತ್ತಿಡಬೇಡಿರಿ, ತಾಟು ಎತ್ತುವವರು ಅದನ್ನೂ ಕಸಕ್ಕೆ ಹಾಕುತ್ತಾರೆ. ಡಬ್ಬಿ ಜೇಬಿನಲ್ಲೇ ಇರಲಿ.