ಪ್ಯಾಕಿಪೋಡಿಯಂ ನಮಕ್ವಾನಮ್: ಎಲೆಯೆಲ್ಲ ಉದುರಿ ಕಾಂಡ ಮೆತ್ತಗಾಗಿದೆ, ಕೊಳೆತಿದೆಯಾ?

ಮಹಡಿತೋಟ_ಬೆಂಗಳೂರು:
ಎಲ್ಲರಿಗೂ ನಮಸ್ಕಾರ. ಆನ್‌ಲೈನಲ್ಲಿ ತರಿಸಿದ ಗಿಡ, ದಪ್ಪ ಕಾಂಡದಲ್ಲಿ ನೀರು ಹಿಡಿದಿಡೋ ಮರುಭೂಮಿ ಜಾತಿ, ಈಗ ಗೇಣುದ್ದ ಇದೆ. ಚಳಿಗಾಲವಿಡೀ ತುದಿಯಲ್ಲಿ ಮಖಮಲ್ಲಿನಂಥ ಎಲೆಗಳ ಗುಚ್ಛ ಚೆನ್ನಾಗಿತ್ತು. ಯುಗಾದಿ ಕಳೆದ ಮೇಲೆ ಹಳದಿಯಾಗಿ ಉದುರುತ್ತಾ ಬಂದು, ಈಗ ಬರೀ ಮುಳ್ಳಿನ ಕೋಲು. ಬಿಸಿಲಿಗೆ ಬಾಡಿತೇನೋ ಅಂತ ಪಕ್ಕದ ಅಡೀನಿಯಮ್ (ಡೆಸರ್ಟ್ ರೋಸ್) ಗಿಡಗಳ ಜೊತೆಗೇ ವಾರಕ್ಕೆ ಎರಡು ಸಲ ನೀರು ಕೊಡ್ತಿದ್ದೀನಿ. ಚಿಗುರೋ ಲಕ್ಷಣ ಇಲ್ಲ, ಕಾಂಡ ಒತ್ತಿದ್ರೆ ಮೆತ್ತಗಿದೆ. ತುದಿ ಕತ್ತರಿಸಿ ನೆಟ್ಟರೆ ಬೇರು ಬರುತ್ತಾ?

ಒಣನೆಲ_ಧಾರವಾಡ:
ಅಕ್ಕಾರ, ಮೊದಲ ನೀರ ಬಂದ್ ಮಾಡ್ರಿ. ಎಲಿ ಉದುರಿದ್ದಕ್ಕ ಗಿಡ ಸತ್ತಿಲ್ಲ, ಮಲಗೇತಿ. ಕತ್ತರಿ ಮುಟ್ಟಬ್ಯಾಡ್ರಿ.

ಕಳ್ಳಿಕಂಟಿ:
ಮೇಡಂ, ಅಡೀನಿಯಮ್ ಲೆಕ್ಕ ಇದಕ್ಕೆ ನಡೆಯಲ್ಲ. ಎರಡೂ ಕಣಗಿಲೆ ಕುಟುಂಬದವೇ, ಆದರೆ ಅಡೀನಿಯಮ್ ಸೆಕೆಯಲ್ಲಿ ಬೆಳೆಯುತ್ತೆ, ಇದು ಚಳಿಯಲ್ಲಿ. ಇದರ ತವರು ದಕ್ಷಿಣ ಆಫ್ರಿಕಾದ ವಾಯವ್ಯ ಮೂಲೆಯ ರಿಕ್ಟರ್ಸ್‌ವೆಲ್ಡ್ ಮತ್ತು ಆರೆಂಜ್ ನದಿಯಾಚೆಯ ದಕ್ಷಿಣ ನಮೀಬಿಯಾ. ಕಲ್ಲುಗುಡ್ಡದ ಮರುಭೂಮಿ. ಬೀಳುವ ಅಷ್ಟಿಷ್ಟು ಮಳೆ ಹೆಚ್ಚಾಗಿ ಅಲ್ಲಿನ ಚಳಿಗಾಲದಲ್ಲೇ, ಅಂದ್ರೆ ನಮಗೆ ಮಳೆಗಾಲ ಇರುವಾಗ. ಬೇಸಿಗೆ ಬಂತೆಂದರೆ ಎಲೆ ಉದುರಿಸಿ ಸುಮ್ಮನಾಗುತ್ತೆ. ಈ ಅರ್ಧಗೋಳಕ್ಕೆ ಬಂದ ಮೇಲೆ ತಿಂಗಳುಗಳು ತಿರುಗುಮುರುಗು: ಸೆಪ್ಟೆಂಬರ್, ಅಕ್ಟೋಬರಿಗೆ ಚಿಗುರು, ಮಾರ್ಚ್, ಏಪ್ರಿಲಿಗೆ ಎಲೆ ಖಾಲಿ. ಪೇಚು ಏನಂದ್ರೆ, ಬೆಂಗಳೂರಿನ ಮಳೆಯ ಬಹುಪಾಲು ಅದು ಮಲಗಿರುವಾಗಲೇ ಸುರಿಯುತ್ತೆ.

ಇನ್ನು ಮೆತ್ತಗಾಗಿರೋದು. ಇದರಲ್ಲಿ ಎರಡು ಥರ ಇದೆ. ಸುತ್ತಲೂ ಒಂದೇ ಸಮ ಸ್ವಲ್ಪ ಬಳುಕಿ, ತೊಗಟೆಯ ಬಣ್ಣ ಹಾಗೇ ಇದ್ದರೆ ಒಳಗಿನ ನೀರು ಕಮ್ಮಿಯಾಗಿದೆ ಅಷ್ಟೆ, ಗಾಬರಿ ಬೇಡ. ಬುಡದಲ್ಲಿ ಒಂದೇ ಪಕ್ಕ ಬೆರಳು ಒಳಗೆ ಹೋದಂತಾಗಿ, ಕಂದು ಬಣ್ಣ ಬಂದು, ಹುಳಿ ವಾಸನೆ ಇದ್ದರೆ ಅದು ಕೊಳೆ. ಮುಳ್ಳಿನ ನಡುವೆ ಬೆರಳು ಇಡೋದು ಕಷ್ಟ, ಪೆನ್ಸಿಲ್ಲಿನ ಹಿಂಬದಿಯಿಂದ ಒತ್ತಿ ನೋಡಿ.

ತುದಿ ಕತ್ತರಿಸಿ ನೆಡೋ ಯೋಚನೆ ಬಿಡಿ, ಇದರ ತುಂಡು ಬೇರು ಬಿಡೋದು ತೀರಾ ಅಪರೂಪ. ಬುಡ ಪೂರ್ತಿ ಹೋಗಿದ್ರೆ ಮಾತ್ರ ಮೇಲಿನ ಗಟ್ಟಿ ಭಾಗವನ್ನ ಇದೇ ಕುಲದ ಪ್ಯಾಕಿಪೋಡಿಯಂ ಲಾಮೆರೈ ಮೇಲೆ ಕಸಿ ಮಾಡೋದೊಂದೇ ದಾರಿ. ಅಂದಹಾಗೆ, ನಿಮ್ಮದೇ ಕಸಿ ಗಿಡ ಅಲ್ಲ ತಾನೆ? ಲಾಮೆರೈ ಮಡಗಾಸ್ಕರಿನದು, ಅದರ ಬೇರು ಬೇಸಿಗೆಯಲ್ಲೂ ನೀರು ಕೇಳುತ್ತೆ. ಹಾಗಿದ್ರೆ ಬೇಸಿಗೆಯಲ್ಲಿ ನೀರು ನಿಲ್ಲಿಸೋ ಲೆಕ್ಕ ಬದಲಾಗುತ್ತೆ. ಕಾಂಡದಲ್ಲಿ ಉಂಗುರದಂಥ ಗೆರೆ ಇದೆಯಾ, ಅದರ ಮೇಲೆ ಕೆಳಗೆ ಮುಳ್ಳು ಬೇರೆಬೇರೆ ಥರ ಇದೆಯಾ ನೋಡಿ.

ಮಹಡಿತೋಟ_ಬೆಂಗಳೂರು:
ಗೆರೆ ಇಲ್ಲ ಸರ್, ಬುಡದಿಂದ ತುದಿವರೆಗೂ ಒಂದೇ ಥರದ ಕಂದು ಮುಳ್ಳು. ಒತ್ತಿ ನೋಡಿದೆ, ಎಲ್ಲ ಕಡೆ ಒಂದೇ ಸಮ ಇದೆ, ವಾಸನೆ ಇಲ್ಲ. ಆದ್ರೂ ಸಮಾಧಾನ ಆಗದೆ ಕುಂಡದಿಂದ ತೆಗೆದೆ. ಮೇಲಿನ ಜಲ್ಲಿ ಒಣಗಿತ್ತು, ಆದರೆ ಬೇರಿನ ಸುತ್ತ ನಿಂಬೆಹಣ್ಣಿನಷ್ಟು ತೆಂಗಿನ ನಾರಿನ ಉಂಡೆ, ಹಿಂಡಿದ್ರೆ ನೀರು ಬಂತು! ಸಣ್ಣ ಬೇರು ಕಪ್ಪಾಗಿವೆ. ಮುಖ್ಯ ಬೇರು ಗಟ್ಟಿಯಾಗಿ ಬೆಳ್ಳಗಿದೆ.

ಕಳ್ಳಿಕಂಟಿ:
ಸದ್ಯ, ಸರಿಯಾದ ಸಮಯಕ್ಕೆ ತೆಗೆದ್ರಿ. ನರ್ಸರಿಯವರು ಸಸಿ ಎಬ್ಬಿಸಿದ ಉಂಡೆ ಅದು. ಹೊರಗೆ ಎಂಥ ಒಳ್ಳೆ ಮಿಶ್ರಣ ಹಾಕಿದ್ರೂ ನಡುವೆ ಅದು ಒದ್ದೆಯಾಗೇ ಇರುತ್ತೆ. ನಾರನ್ನೆಲ್ಲ ಬಿಡಿಸಿ, ಕಪ್ಪು ಬೇರನ್ನ ಸ್ಪಿರಿಟಿನಲ್ಲಿ ಒರೆಸಿದ ಬ್ಲೇಡಿನಿಂದ ಗಟ್ಟಿ ಭಾಗ ಸಿಗೋವರೆಗೂ ಕತ್ತರಿಸಿ. ಬರೋ ರಸ ನೀರಿನಂತೆ ತಿಳಿಯಾಗಿರುತ್ತೆ, ಕಳ್ಳಿಹಾಲಿನ ಥರ ಬಿಳಿಯಲ್ಲ. ಆದರೂ ಕಣಗಿಲೆ ನೆಂಟ, ಕೈ ತೊಳೆಯದೆ ಕಣ್ಣು ಮುಟ್ಟಬೇಡಿ. ಗಾಯಕ್ಕೆ ಗಂಧಕದ ಪುಡಿ ಸವರಿ, ನೆರಳಲ್ಲಿ ಗಾಳಿಗಿಟ್ಟು, ಗಾಯ ಪೂರ್ತಿ ಒಣಗಿದ ಮೇಲೆ ನೆಡಿ.

ಮಿಶ್ರಣಕ್ಕೆ ಪ್ಯೂಮಿಸ್ (ಜ್ವಾಲಾಮುಖಿಯ ಹಗುರ ಕಲ್ಲು) ಸಿಕ್ಕರೆ ಒಳ್ಳೇದು, ಬೆಲೆ ಮಾತ್ರ ಬಿಸಿ. ಇಲ್ಲಾಂದ್ರೆ ಜರಡಿ ಹಿಡಿದು ದೂಳು ತೆಗೆದ ಸಣ್ಣ ಜಲ್ಲಿ, ಇಟ್ಟಿಗೆ ಚೂರು, ಒಂದು ಹಿಡಿ ಗೊಬ್ಬರ ಸಾಕು. ಪ್ಲಾಸ್ಟಿಕ್ ಬೇಡ, ಆಳದ ಮಣ್ಣಿನ ಕುಂಡ ತಗೊಳ್ಳಿ.

ಒಣನೆಲ_ಧಾರವಾಡ:
ನೆಟ್ಟ ಮ್ಯಾಲೆ ಸೆಪ್ಟೆಂಬರ್ ತನಕ ಒಂದ್ ಹನಿ ನೀರ ಕೊಡಬ್ಯಾಡ್ರಿ.

ಕಳ್ಳಿಕಂಟಿ:
ದೊಡ್ಡ ಗಿಡಕ್ಕೆ ಆ ಮಾತು ಸರಿ. ಗೇಣುದ್ದದ್ದು ಅಷ್ಟು ದಿನ ತಡೆಯೋದು ಕಷ್ಟ ಸರ್. ಬೇರು ವಾಸಿಯಾದ ಮೇಲೆ, ಕಾಂಡ ತೀರಾ ಸೊರಗಿದ್ರೆ ಮಾತ್ರ ತಿಂಗಳಿಗೊಮ್ಮೆ ಸಂಜೆ ಹೊತ್ತು ಕುಂಡದ ಅಂಚಿಗೆ ಒಂದೆರಡು ಚಮಚ.

ಮಹಡಿತೋಟ_ಬೆಂಗಳೂರು:
ತುಂಬಾ ಥ್ಯಾಂಕ್ಸ್ ಇಬ್ಬರಿಗೂ. ಇನ್ನೊಂದು ಅನುಮಾನ. ಕಾಡಿನಲ್ಲಿ ಇದರ ತಲೆ ಉತ್ತರಕ್ಕೇ ವಾಲಿರುತ್ತಂತೆ, ನನ್ನದು ನೆಟ್ಟಗಿದೆ. ಬೆಳಕು ಸಾಲದಾ?

ಕಳ್ಳಿಕಂಟಿ:
ಅದು ದೊಡ್ಡ ಗಿಡಗಳ ಚಾಳಿ, ನಿಮ್ಮದಿನ್ನೂ ಮಗು. ಅಲ್ಲಿ ಚಳಿಗಾಲದ ಸೂರ್ಯ ಉತ್ತರದಲ್ಲಿರ್ತಾನೆ. ಎಲೆ, ಹೂವಿಗೆ ಆ ಬಿಸಿಲು ಸಿಗಲಿ ಅಂತ ತಲೆ ಆ ಕಡೆ ತಿರುಗುತ್ತೆ ಅಂತಾರೆ. ದೂರದಿಂದ ಮನುಷ್ಯರು ನಿಂತಂತೆ ಕಾಣೋದಕ್ಕೇ ಅಲ್ಲಿನ ಆಫ್ರಿಕಾನ್ಸ್ ಭಾಷೆಯಲ್ಲಿ ಹಾಫ್‌ಮೆನ್ಸ್, ಅರ್ಧಮನುಷ್ಯ. ತವರು ಬಿಟ್ಟು ದಕ್ಷಿಣಕ್ಕೆ ಓಡಿಬಂದ ನಾಮಾ ಎಂಬ ಮೂಲನಿವಾಸಿ ಜನರಲ್ಲಿ ಹಿಂದಿರುಗಿ ನೋಡಿದವರು ಗಿಡವಾದರು ಅಂತ ಅಲ್ಲೊಂದು ಕಥೆಯಿದೆ. ನಮ್ಮಲ್ಲಿ ಚಳಿಗಾಲದ ಬಿಸಿಲು ದಕ್ಷಿಣದಿಂದ ಬೀಳುತ್ತೆ, ಹಾಗಾಗಿ ಮಹಡಿಯಲ್ಲಿ ದಕ್ಷಿಣಕ್ಕೆ ಮುಖಮಾಡಿದ ಗೋಡೆ ಪಕ್ಕ ಜಾಗ ಮಾಡಿ.

ಕುಂಡತುಂಬಾ:
ಈ ಚರ್ಚೆ ಓದಿ ಕೊಳ್ಳೋಕೆ ಹೊರಟವರಿಗೆ ಒಂದು ಮಾತು. ಇಡೀ ಪ್ಯಾಕಿಪೋಡಿಯಂ ಕುಲ ಸೈಟಿಸ್ (ಕಾಡು ಗಿಡ, ಪ್ರಾಣಿಗಳ ಅಂತರರಾಷ್ಟ್ರೀಯ ವ್ಯಾಪಾರಕ್ಕೆ ಕಡಿವಾಣ ಹಾಕೋ ಒಪ್ಪಂದ) ಪಟ್ಟಿಯಲ್ಲಿದೆ. ಬುಡದಲ್ಲಿ ಗಾಯದ ಕಲೆ, ಮುರಿದ ಮುಳ್ಳು ಇರೋ ದಪ್ಪ ಗಿಡ ಅಗ್ಗಕ್ಕೆ ಬಂದ್ರೆ ಕಾಡಿಂದ ಕಿತ್ತದ್ದೇ ಇರಬಹುದು, ತಗೋಬೇಡಿ. ಬೀಜದಿಂದ ಎಬ್ಬಿಸಿದ ಸಸಿ ಕೇಳಿ.

ಮಹಡಿತೋಟ_ಬೆಂಗಳೂರು:
ನನ್ನದು ಬೀಜದ ಸಸಿಯೇ. ಮಳೆಗಾಲಕ್ಕೆ ಪಾಲಿಕಾರ್ಬೊನೇಟ್ ಶೀಟ್ ಕೆಳಗಿಟ್ಟರೆ ಸಾಕಾ?

ಕಳ್ಳಿಕಂಟಿ:
ಸಾಕು, ಆದರೆ ಪಕ್ಕದಿಂದ ಎರಚಲು ಹೊಡೆಯದಂತೆ ಒಳಗೆ ಸರಿಸಿ, ಗಾಳಿ ಆಡ್ತಿರಲಿ. ಗಣೇಶನ ಹಬ್ಬದ ಆಸುಪಾಸಿನಿಂದ ತುದಿ ನೋಡ್ತಾ ಇರಿ. ಮುಳ್ಳುಗಳ ನಡುವೆ ಹಸಿರು ಮೊಳಕೆ ಕಂಡ ಮೇಲೆ ಮೊದಲ ಸಲ ಕುಂಡದ ತಳದಿಂದ ಇಳಿಯೋ ಹಾಗೆ ನೀರು ಕೊಡಿ. ಅಲ್ಲಿಂದ ಮುಂದೆ ಮಣ್ಣು ಪೂರ್ತಿ ಒಣಗಿದಾಗೆಲ್ಲ ಕೊಡಬಹುದು.