ಓದುಗರ ಸ್ಪಂದನ: ಆರು ವರ್ಷದ ಮೇಲೆ ಮತ್ತೆ ಚರ್ಚಿಗೆ

ಸಮಸ್ಯೆ: ಹಬ್ಬದ ಲೆಕ್ಕದ ವಿಷಯಕ್ಕೆ ಸಮಿತಿಯವರೊಬ್ಬರ ಜತೆ ಮಾತಿಗೆ ಮಾತು ಬೆಳೆದು, ಚರ್ಚಿಗೆ ಹೋಗುವುದನ್ನೇ ಬಿಟ್ಟು ಆರು ವರ್ಷವಾಯಿತು. ಈಗ ಮೈಮೇಲೆ ಸಾಲ, ಯಜಮಾನರಿಗೆ ಕೆಲಸವಿಲ್ಲ. ದೇವರ ಹತ್ತಿರ ಹೋಗಿ ಕೂರೋಣ ಅನ್ನಿಸುತ್ತಿದೆ. ಆದರೆ ತಪಸ್ಸುಕಾಲ ಶುರುವಾಗುವ ಬೂದಿ ಬುಧವಾರವೂ ಕಳೆದುಹೋಯಿತು. ಗುರುಗಳ ಮುಂದೆ ಪಾಪ ಒಪ್ಪಿಕೊಳ್ಳುವ ಪಾಪನಿವೇದನೆಯ ಕ್ರಮ ಮರೆತಿದೆ. ಸಕ್ಕರೆ ಕಾಯಿಲೆಯಿಂದ ಉಪವಾಸವೂ ಕಷ್ಟ. ಎಲ್ಲಿಂದ ಶುರು ಮಾಡಲಿ?
— ಓದುಗರೊಬ್ಬರು, ಹಾಸನ ಜಿಲ್ಲೆ

ಸಹೋದರಿ, ಬೂದಿ ಹಚ್ಚಿಸಿಕೊಳ್ಳದಿದ್ದರೆ ಈಸ್ಟರ್‌ಗೆ ಮುಂಚಿನ ತಪಸ್ಸುಕಾಲವೇ ಕೈತಪ್ಪಿತು ಎಂದುಕೊಳ್ಳುವವರು ಬಹಳ. ಬೂದಿ ಜ್ಞಾನಸ್ನಾನದಂಥ ಸಂಸ್ಕಾರವಲ್ಲ, ಆ ದಿನದ ಪೂಜೆ ಕಡ್ಡಾಯವೂ ಅಲ್ಲ. 2026ರ ಈಸ್ಟರ್ ಏಪ್ರಿಲ್ 5ಕ್ಕೆ, ಗರಿಗಳ ಭಾನುವಾರ ಮಾರ್ಚ್ 29ಕ್ಕೆ. ಸಮಯವಿದೆ.

ಮೊದಲು, ಯೇಸುವಿನ ಕೊನೆಯ ಪಯಣವನ್ನು ಚಿತ್ರಗಳ ಮುಂದೆ ಧ್ಯಾನಿಸುವ ಶುಕ್ರವಾರದ ಶಿಲುಬೆಹಾದಿಗೆ ಹೋಗಿ. ಭಾನುವಾರದ ಪೂಜೆಯಲ್ಲಿ 'ಇಷ್ಟು ದಿನ ಎಲ್ಲಿದ್ರಿ' ಎನ್ನುವ ಕಣ್ಣುಗಳು ಜಾಸ್ತಿ. ಶಿಲುಬೆಹಾದಿಯಲ್ಲಿ ಜನ ಕಡಿಮೆ, ಇದ್ದವರ ಮುಖವೂ ಗೋಡೆಯ ಮೇಲಿನ ಚಿತ್ರದ ಕಡೆಗೇ. ಹದಿನಾಲ್ಕು ಸ್ಥಳ, ಒಂದೊಂದರಲ್ಲೂ ಮಂಡಿಯೂರಿ ಏಳುವುದು. ಮಂಡಿನೋವಿದ್ದರೆ ನಿಂತೇ ಇರಿ. ಎರಡನೆಯ ಶುಕ್ರವಾರ ಒಂದು ಸ್ಥಳದ ಪ್ರಾರ್ಥನೆ ಓದಲು ನಿಮಗೆ ಕೊಡುವಂತೆ ಕೇಳಿ. ಓದುವವರು ಯಾವಾಗಲೂ ಕಡಿಮೆ, ಬೇಡವೆನ್ನುವವರಿಲ್ಲ. ಭಾನುವಾರ ಮಹಿಮಾಗೀತೆಯೂ ಅಲ್ಲೆಲೂಯವೂ ಕೇಳಿಸದಿದ್ದರೆ ಪೂಜೆಯ ಕ್ರಮವೇ ಬದಲಾಯಿತೆಂದು ಗಾಬರಿಯಾಗಬೇಡಿ, ತಪಸ್ಸುಕಾಲದಲ್ಲಿ ಅವನ್ನು ಬಿಡುತ್ತಾರೆ.

ಪಾಪನಿವೇದನೆಗೆ ಈಸ್ಟರ್ ಹಿಂದಿನ ಪವಿತ್ರ ವಾರದವರೆಗೆ ಕಾಯಬೇಡಿ. ಆಗ ಸಾಲು ಉದ್ದ, ಒಬ್ಬೊಬ್ಬರಿಗೆ ಎರಡು ನಿಮಿಷವೂ ಸಿಗದು. ವಾರದ ಮಧ್ಯೆ ಫೋನ್ ಮಾಡಿ ಅರ್ಧ ಗಂಟೆ ಬೇಕೆಂದು ಕೇಳಿಕೊಳ್ಳಿ. ಕುಳಿತ ಕೂಡಲೇ "ಫಾದರ್, ಪಾಪನಿವೇದನೆ ಮಾಡಿ ಆರು ವರ್ಷವಾಯಿತು, ಕ್ರಮ ಮರೆತಿದೆ" ಅಂದರೆ ಸಾಕು, ಮುಂದಿನದನ್ನು ಅವರೇ ನಡೆಸುತ್ತಾರೆ. ದೊಡ್ಡ ಪಾಪಗಳನ್ನು ಯಾವುದು, ಸುಮಾರು ಎಷ್ಟು ಸಲ ಎಂದು ಹೇಳಬೇಕು. ಚೀಟಿಯಲ್ಲಿ ಬರೆದುಕೊಂಡು ಹೋಗಬಹುದು, ಆಮೇಲೆ ಹರಿದುಹಾಕಿ. ನಿಜವಾಗಿ ಮರೆತದ್ದೂ ಕ್ಷಮೆಯೊಳಗೇ ಸೇರುತ್ತದೆ. ನೆನಪಾದರೆ ಮುಂದಿನ ಸಲ ಹೇಳಿ. ಎಡವುವುದೆಲ್ಲ ಒಂದೇ ಕಡೆ: ನಮ್ಮ ಪಾಪ ಹೇಳಲು ಕೂತು ಸಮಿತಿಯವರ ಪಾಪ ಹೇಳತೊಡಗುತ್ತೇವೆ!

ಪಾಪನಿವೇದನೆ ಆಗುವವರೆಗೆ, ಪೂಜೆಯಲ್ಲಿ ರೊಟ್ಟಿಯ ರೂಪದ ಪರಮಪ್ರಸಾದ ಕೊಡುವ ಹೊತ್ತಿನಲ್ಲಿ ಕೂತಲ್ಲೇ ಪ್ರಾರ್ಥಿಸಿ. ಆಮೇಲೆ ಸ್ವೀಕರಿಸುವಾಗ ಒಂದು ಗಂಟೆ ಮುಂಚೆ ಊಟ ನಿಲ್ಲಿಸಿರಬೇಕು. ನೀರಿಗೂ ಔಷಧಿಗೂ ತಡೆಯಿಲ್ಲ.
— ಉಪದೇಶಿ, ಶಿವಮೊಗ್ಗ

ಜಗಳದ ಮಾತು ಯಾರಾದರೂ ಆಡಲೇಬೇಕಲ್ಲ. ಕಾಣಿಕೆಯನ್ನು ಪೀಠದ ಮುಂದೆ ಬಿಟ್ಟು ಮೊದಲು ಸಹೋದರನ ಜತೆ ರಾಜಿಯಾಗು ಎನ್ನುತ್ತದೆ ಮತ್ತಾಯ 5:23-24. ಆದರೆ ಪೂಜೆ ಮುಗಿದು ಜನ ಹೊರಬರುವಾಗ ಬಾಗಿಲ ಬಳಿ ಅದಕ್ಕೆ ಕೈ ಹಾಕಬೇಡಿ, ಚರ್ಚಿನ ವಾಟ್ಸಾಪ್ ಗುಂಪಿನಲ್ಲಂತೂ ಬೇಡವೇ ಬೇಡ. ಹತ್ತು ಜನ ನೋಡುತ್ತಿದ್ದರೆ ಯಾರೂ ಸೋಲಲು ಒಪ್ಪುವುದಿಲ್ಲ. ವಾರದ ದಿನ ಅವರ ಮನೆಗೇ ಹೋಗಿ, "ಆವತ್ತು ನಾನು ಆಡಿದ ಮಾತು ತಪ್ಪು" ಎಂದಿಷ್ಟೇ ಹೇಳಿ. 'ಆದರೆ ನೀವೂ...' ಎಂದು ಬಾಲ ಸೇರಿಸಿದಿರೋ, ಹೋದದ್ದು ವ್ಯರ್ಥ. ಅವರು ಮುಖ ತಿರುಗಿಸಿದರೂ ನಿಮ್ಮ ಪಾಲಿನದು ಮುಗಿದಿದೆ.

ಕ್ಷಮೆ ಬೇರೆ, ಲೆಕ್ಕ ಬೇರೆ. ಪ್ರತಿ ಧರ್ಮಕೇಂದ್ರದಲ್ಲೂ ಹಣಕಾಸು ಸಮಿತಿ ಇರಲೇಬೇಕೆಂದು 1983ರ ಕಥೊಲಿಕ ಧರ್ಮಸಭಾ ಕಾನೂನಿನ 537ನೇ ವಿಧಿ ಹೇಳುತ್ತದೆ. ಭಕ್ತರು ಕೊಟ್ಟದ್ದರ ಲೆಕ್ಕವನ್ನು ಭಕ್ತರಿಗೆ ಒಪ್ಪಿಸಬೇಕೆಂದು 1287ನೇ ವಿಧಿ. ಸಂಶಯ ಇನ್ನೂ ಉಳಿದಿದ್ದರೆ ಈಸ್ಟರ್ ಮುಗಿದ ಮೇಲೆ ಧರ್ಮಗುರುಗಳಿಗೆ ಪತ್ರ ಬರೆದು ಕೇಳಿ. ಎರಡನ್ನೂ ಒಂದೇ ದಿನ ಎತ್ತಿದರೆ ಕ್ಷಮೆ ಕೇಳಿದ್ದು ನಾಟಕವೆನಿಸುತ್ತದೆ.

ಸಾಲದ ಕಷ್ಟವನ್ನು ಒಬ್ಬರ ಕಿವಿಗಾದರೂ ಹಾಕಿ. ನಿಮ್ಮ ಚರ್ಚಿನಲ್ಲಿ ಬಡವರಿಗೆ ನೆರವಾಗುವ ವಿನ್ಸೆಂಟ್ ದ ಪೌಲ್ ಸಭೆಯಿದ್ದರೆ ಫಾದರ್ ಮೂಲಕ ಹೇಳಿಸಿ. ಸದಸ್ಯರು ಇಬ್ಬಿಬ್ಬರಾಗಿ ಮನೆಗೆ ಬಂದು ವಿಚಾರಿಸುತ್ತಾರೆ, ವಿಷಯ ಹೊರಗೆ ಹೋಗಬಾರದೆಂಬುದು ಅವರ ಶಿಸ್ತು.
— ಪಾಲನಾ ಮಂಡಳಿಯ ಮಾಜಿ ಸದಸ್ಯ, ಮೈಸೂರು

ನಮ್ಮದು ಸಿಎಸ್‌ಐ (ಪ್ರೊಟೆಸ್ಟೆಂಟ್) ಸಭೆ, ಪಾಪನಿವೇದನೆಯ ಕ್ರಮ ನಮ್ಮಲ್ಲಿ ಬೇರೆ. ಹಾಗಾಗಿ ಪ್ರಾರ್ಥನೆಯ ಮಟ್ಟಿಗೆ ಒಂದು ಮಾತು. ಆಶ್ರಯ ಎಂದೊಡನೆ ಎಲ್ಲರೂ ತೆರೆಯುವುದು 91ನೇ ಕೀರ್ತನೆ. ಹದಿನಾರೇ ವಚನ, ಗಟ್ಟಿಯಾಗಿ ಓದಿದರೆ ಮೂರು ನಿಮಿಷ. ಆದರೆ ಲೆಂಟ್ (ತಪಸ್ಸು) ಕಾಲದ ಮೊದಲ ಭಾನುವಾರ ಓದುವ ಶೋಧನೆಯ ಕಥೆಯನ್ನು ಗಮನಿಸಿ: ದೇವಾಲಯದ ತುದಿಯಲ್ಲಿ ಯೇಸುವನ್ನು ನಿಲ್ಲಿಸಿ 'ಧುಮುಕು, ದೂತರು ಹಿಡಿದುಕೊಳ್ಳುತ್ತಾರೆ' ಎಂದು ಸೈತಾನ ಉದಾಹರಿಸುವುದು ಇದೇ ಕೀರ್ತನೆಯ 11 ಮತ್ತು 12ನೇ ವಚನಗಳನ್ನು (ಮತ್ತಾಯ 4:6). ಚರ್ಚಿಗೆ ಬಂದೆ, ಇನ್ನು ಸಾಲ ತೀರಬೇಕು ಎಂದು ಓದಿದರೆ ಏಪ್ರಿಲ್ ಹೊತ್ತಿಗೆ ಬೇಸರವಾಗಿ ಮತ್ತೆ ಬಿಡುತ್ತೀರಿ. 15ನೇ ವಚನದಲ್ಲಿರುವ ಮಾತು ಇಕ್ಕಟ್ಟಿನಲ್ಲಿ ಜತೆಗಿರುತ್ತೇನೆ ಎಂಬುದು. ಅಲ್ಲಿ ನಿಂತು ಓದಿ. ರಾತ್ರಿ ದೀಪ ಆರಿಸುವ ಮುನ್ನ, ಯಜಮಾನರೂ ಒಪ್ಪಿದರೆ ಒಬ್ಬರು ಒಂದು ವಚನ, ಇನ್ನೊಬ್ಬರು ಮುಂದಿನದು. ವಾರಕ್ಕೊಂದು ದಿನ 51 ಅಥವಾ 130ನೇ ಕೀರ್ತನೆ ಓದಿ.
— ಸಭಾಪಾಲಕ, ಧಾರವಾಡ

ಉಪವಾಸದ ಬಗ್ಗೆ. ಕಥೊಲಿಕರಿಗೆ ಕಡ್ಡಾಯ ಉಪವಾಸ ಬೂದಿ ಬುಧವಾರ ಮತ್ತು ಶುಭ ಶುಕ್ರವಾರ ಎರಡೇ ದಿನ, ಅದೂ 18 ತುಂಬಿದವರಿಂದ 59 ತುಂಬುವವರೆಗಿನವರಿಗೆ: ಒಂದು ಪೂರ್ತಿ ಊಟ, ಎರಡು ಸಣ್ಣ ತಿಂಡಿ. ಕಾಯಿಲೆಯವರಿಗೆ ವಿನಾಯಿತಿಯಿದೆ. ಇನ್ಸುಲಿನ್ ಅಥವಾ ಗ್ಲೈಮೆಪಿರೈಡ್ ಇರುವ ಮಾತ್ರೆ ತೆಗೆದುಕೊಂಡು ಊಟ ಬಿಟ್ಟರೆ ಸಕ್ಕರೆ ತಟ್ಟನೆ ಇಳಿಯುತ್ತದೆ: ಬೆವರು, ಕೈನಡುಕ, ತಲೆ ಮಂಕಾಗುವುದು. ಊಟ ಬಿಡುವುದಕ್ಕಿಂತ ಮಾಂಸ ಬಿಡಿ, ಸಂಜೆಯ ಧಾರಾವಾಹಿ ಬಿಡಿ. ಮಾತ್ರೆಯ ಪ್ರಮಾಣವನ್ನು ವೈದ್ಯರನ್ನು ಕೇಳದೆ ಬದಲಿಸಬೇಡಿ. ಶುಭ ಶುಕ್ರವಾರದ ಆರಾಧನೆ ದೀರ್ಘ. ಚೀಲದಲ್ಲಿ ಗ್ಲೂಕೋಸ್ ಪುಡಿ, ನೀರಿನ ಬಾಟಲಿ ಇರಲಿ. ನಡುಕ ಬಂದರೆ ಮೂರು ಚಮಚ ಕಲಸಿ ಕುಡಿದು ಹದಿನೈದು ನಿಮಿಷ ಕೂತು ನೋಡಿ, ಕಡಿಮೆಯಾಗದಿದ್ದರೆ ಮತ್ತೊಮ್ಮೆ ಕುಡಿಯಿರಿ. ಬಾಗಿಲ ಹತ್ತಿರದ ಬೆಂಚೇ ಒಳ್ಳೆಯದು, ಪಕ್ಕದಲ್ಲಿ ಕೂತವರಿಗೂ ಮೊದಲೇ ಒಂದು ಮಾತು ತಿಳಿಸಿರಿ.
— ನರ್ಸ್, ಮಂಗಳೂರು